ಜಲ್ಲಿ ದಾರಿಯ ಹಿಮ



ಇವತ್ತು ನಾನು ಹೇಳಹೊರಟಿರುವ ಕೆಲಸ ನಮ್ಮ ನಾಡಿನಲ್ಲಿ ಯಾರಿಗೂ ಬೇಕಾಗದ್ದು. ಇಲ್ಲಿ ಹಿಮ ಬೀಳುವುದಿಲ್ಲ. ಆದರೆ ಈ ಮಾತು ಕೇಳುತ್ತಿರುವ ಎಷ್ಟೋ ಮಂದಿಯ ಮಕ್ಕಳು ಹಿಮ ಬೀಳುವ ಊರುಗಳಲ್ಲಿ ಸಂಸಾರ ಹೂಡಿದ್ದಾರೆ. ಕೆಲವರು ಊರಾಚೆ ಮನೆ ಕೊಂಡಿದ್ದಾರೆ. ಅಂಥ ಮನೆಗೂ ಸರ್ಕಾರಿ ರಸ್ತೆಗೂ ನಡುವೆ ಒಂದು ಸ್ವಂತ ದಾರಿ ಇರುತ್ತದೆ. ಅದಕ್ಕೆ ಡಾಂಬರು ಇಲ್ಲ, ಸಿಮೆಂಟೂ ಇಲ್ಲ. ಬರೀ ಜಲ್ಲಿ ಹಾಸಿರುತ್ತಾರೆ. ರಸ್ತೆಯ ಹಿಮವನ್ನು ಸರ್ಕಾರದ ಲಾರಿ ಬಂದು ತಳ್ಳುತ್ತದೆ. ಮನೆಯ ದಾರಿಯ ಹಿಮವನ್ನು ಮನೆಯವರೇ ತಳ್ಳಬೇಕು. ಅದನ್ನು ಎಟಿವಿ ಎಂಬ ಚಿಕ್ಕ ಗಾಡಿಯಿಂದ ಹೇಗೆ ತಳ್ಳುವುದು ಎಂಬುದೇ ಇವತ್ತಿನ ವಿಷಯ.

ನಾನು ಹೇಳಬೇಕಾದ ಮುಖ್ಯ ಮಾತು ಒಂದೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಜಲ್ಲಿ ದಾರಿಯ ಹಿಮವನ್ನು ನೆಲ ಕಾಣುವಂತೆ ತೆಗೆಯಬಾರದು. ಒಂದಿಷ್ಟು ಬಿಡಬೇಕು. ಎಷ್ಟು ಬಿಡಬೇಕು, ಎಲ್ಲಿ ಬಿಡಬೇಕು ಎಂದು ತಿಳಿದವರಿಗೆ ಈ ಕೆಲಸ ಸುಲಭ.

ಯಾವ ಊರಿನ ಮಾತು ಇದು? ಅಮೆರಿಕದ ಮಿಶಿಗನ್ ರಾಜ್ಯದ ಉತ್ತರ ತುದಿಯಲ್ಲಿ ಕೀವಿನಾ ಎಂಬ ಪರ್ಯಾಯ ದ್ವೀಪವಿದೆ. ಅದು ಸುಪೀರಿಯರ್ ಸರೋವರದೊಳಕ್ಕೆ ಚಾಚಿಕೊಂಡ ನೆಲ. ಅಲ್ಲಿ ಹೋಟನ್ ಎಂಬ ಚಿಕ್ಕ ಪಟ್ಟಣವಿದೆ. 1885ರಲ್ಲಿ ಸುತ್ತಲಿನ ತಾಮ್ರದ ಗಣಿಗಳಿಗಾಗಿ ಹುಟ್ಟಿದ ಶಾಲೆ ಈಗ ಅಲ್ಲಿ ಮಿಶಿಗನ್ ಟೆಕ್ ವಿಶ್ವವಿದ್ಯಾಲಯವಾಗಿದೆ. ನಮ್ಮ ಕಡೆಯ ಎಂಜಿನಿಯರಿಂಗ್ ಓದಿದ ಹುಡುಗರು, ಹುಡುಗಿಯರು ಎಂ.ಎಸ್. ಮಾಡಲು ಅಲ್ಲಿಗೆ ಹೋಗುತ್ತಾರೆ. ನಾನು ಆ ಸೀಮೆಯಲ್ಲಿ ಬಂಧುಗಳ ಮನೆಯಲ್ಲಿ ಚಳಿಗಾಲ ಕಳೆದಿದ್ದೇನೆ. ಅವರ ಅಕ್ಕಪಕ್ಕದವರು ಹಿಮ ತಳ್ಳುವುದನ್ನು ನೋಡಿದ್ದೇನೆ, ಕೈಹಾಕಿ ಕಲಿತಿದ್ದೇನೆ.

ಆ ಸೀಮೆಯಲ್ಲಿ ಬೀಳುವ ಹಿಮದ ಲೆಕ್ಕ ಕೇಳಿ. ಒಂದು ಚಳಿಗಾಲಕ್ಕೆ ಸುಮಾರು 5 ಮೀಟರ್ ಬೀಳುವುದು ಅಲ್ಲಿ ಮಾಮೂಲು. 1978–79ರ ಚಳಿಗಾಲದಲ್ಲಿ ಹತ್ತಿರಹತ್ತಿರ 10 ಮೀಟರ್, ಅಂದರೆ 32 ಅಡಿಗೂ ಮಿಕ್ಕಿ ಬಿತ್ತು. ಹೆದ್ದಾರಿಯ ಪಕ್ಕದಲ್ಲಿ ಆ ಅಳತೆಯನ್ನು ಗುರುತು ಹಾಕಿದ ಎತ್ತರದ ಕಂಬ ನಿಲ್ಲಿಸಿದ್ದಾರೆ. ಕೆಳಗೆ ನಿಂತು ನೋಡಿದರೆ ಕತ್ತು ನೋಯುತ್ತದೆ. ಹಿಮ ಅಷ್ಟೆತ್ತರ ಒಮ್ಮೆಗೇ ನಿಂತಿರುವುದಿಲ್ಲ. ಬಿದ್ದದ್ದು ಕುಸಿಯುತ್ತದೆ, ಗಟ್ಟಿಯಾಗುತ್ತದೆ, ಅದರ ಮೇಲೆ ಮತ್ತೆ ಬೀಳುತ್ತದೆ. ತಿಂಗಳುಗಟ್ಟಲೆ ಹೀಗೆ.

ಅಷ್ಟೊಂದು ಹಿಮ ಅಲ್ಲೇ ಏಕೆ? ಸರೋವರವೇ ಕಾರಣ. ಸುಪೀರಿಯರ್ ಸರೋವರದ ವಿಸ್ತಾರ ಸುಮಾರು 82 ಸಾವಿರ ಚದರ ಕಿಲೋಮೀಟರ್. ನಮ್ಮ ಕರ್ನಾಟಕವನ್ನು ಐದು ಪಾಲು ಮಾಡಿದರೆ ಎರಡು ಪಾಲಿಗಿಂತ ಸ್ವಲ್ಪ ಹೆಚ್ಚೇ. ಚಳಿಗಾಲದಲ್ಲಿ ಕೆನಡಾದ ಕಡೆಯಿಂದ ಒಣ ಶೀತಗಾಳಿ ಬೀಸುತ್ತದೆ. ಆ ಗಾಳಿಗಿಂತ ಸರೋವರದ ನೀರು ಬೆಚ್ಚಗಿರುತ್ತದೆ. ಗಾಳಿ ನೀರಿನ ಮೇಲೆ ಬರುತ್ತ ಬರುತ್ತ ತೇವ ಹೀರಿಕೊಳ್ಳುತ್ತದೆ. ದಡಕ್ಕೆ ಬಂದು ಗುಡ್ಡ ಹತ್ತುವಾಗ ಆ ತೇವವನ್ನೆಲ್ಲ ಹಿಮವಾಗಿ ಸುರಿಸುತ್ತದೆ. ಅದಕ್ಕೇ ಅಲ್ಲಿ ದೊಡ್ಡ ಬಿರುಗಾಳಿ ಬರಬೇಕೆಂದೇನಿಲ್ಲ. ಸದ್ದಿಲ್ಲದೆ ದಿನಾ ಒಂದಷ್ಟು ಬೀಳುತ್ತಲೇ ಇರುತ್ತದೆ. ಸರೋವರದ ಹೆಚ್ಚು ಭಾಗ ಹೆಪ್ಪುಗಟ್ಟಿದ ಮೇಲೆ ಮಾತ್ರ ಸ್ವಲ್ಪ ಬಿಡುವು.

ಇಷ್ಟು ಊರಿನ ವಿಷಯ. ಈಗ ಹೊರೆಯ ವಿಷಯ.

50 ಮೀಟರ್ ಉದ್ದ, 3 ಮೀಟರ್ ಅಗಲದ ಒಂದು ಮನೆದಾರಿ ಎಂದುಕೊಳ್ಳಿ. ರಾತ್ರಿ ಗೇಣುದ್ದಕ್ಕಿಂತ ಕಡಿಮೆ, 15 ಸೆಂಟಿಮೀಟರ್ ಹಿಮ ಬಿದ್ದಿದೆ. ಹೊಸದಾಗಿ ಬಿದ್ದ ಹಗುರ ಹಿಮವೂ ಒಂದು ಘನ ಮೀಟರಿಗೆ 100 ಕಿಲೋ ತನಕ ತೂಗಬಹುದು. ಲೆಕ್ಕ ಹಾಕಿದರೆ ಎರಡು ಟನ್ನಿಗೂ ಮಿಕ್ಕಿ ಆಯಿತು. ಅದೇ ಹಿಮ ಬಿಸಿಲಿಗೆ ಒದ್ದೆಯಾಗಿ ಕುಸಿದು ಕೂತರೆ ಪ್ರತಿ ಸಲಿಕೆಯೂ ಎರಡು ಮೂರು ಪಟ್ಟು ಭಾರ. ಇದನ್ನು ಕೈಯಲ್ಲಿ ಎತ್ತಿ ಹಾಕುವುದು ಒಂದು ದಿನಕ್ಕಾದರೆ ಸರಿ. ಚಳಿಗಾಲ ಪೂರ್ತಿ ಆಗುವುದಿಲ್ಲ. ಅಲ್ಲಿನವರ ಹತ್ತಿರ ಎರಡೂ ಕೈಯಲ್ಲಿ ತಳ್ಳುವ ಅಗಲವಾದ ತಗಡಿನ ಮೊರದಂಥ ಸಾಧನವಿದೆ. ಮನೆಯ ಬಾಗಿಲ ಮುಂದಕ್ಕೆ ಅದು ಸಾಕು. ಉದ್ದ ದಾರಿಗೆ ಯಂತ್ರ ಬೇಕು.

ಆ ಯಂತ್ರಗಳಲ್ಲಿ ಎಟಿವಿ ಒಂದು. ಕೊಡಗು, ಚಿಕ್ಕಮಗಳೂರಿನ ರೆಸಾರ್ಟುಗಳಲ್ಲಿ ಪ್ರವಾಸಿಗರನ್ನು ಕೂರಿಸಿ ಓಡಿಸುವ ನಾಲ್ಕು ಚಕ್ರದ ಗಾಡಿಯನ್ನು ನೀವು ನೋಡಿರಬಹುದು. ಅದೇ ಜಾತಿಯದು. ದಪ್ಪ ಟೈರು, ಬೈಕಿನಂತೆ ಹ್ಯಾಂಡಲ್, ಬೈಕಿನಂತೆಯೇ ಕಾಲು ಅಗಲಿಸಿ ಕೂರುವ ಸೀಟು. ಕೆಲಸಕ್ಕೆ ಬಳಸುವ ಗಾಡಿ 300 ಕಿಲೋ ಆಸುಪಾಸು ತೂಗುತ್ತದೆ. ಹೋಂಡಾ ಕಂಪನಿ 1970ರಲ್ಲಿ ಇದರ ಮೂರು ಚಕ್ರದ ಪೂರ್ವಜನನ್ನು ಅಮೆರಿಕದ ಮಾರುಕಟ್ಟೆಗೆ ತಂದಿತು. ಚಳಿಗಾಲದಲ್ಲಿ ಮೋಟಾರ್ ಸೈಕಲ್ ಮಾರಾಟವಾಗುತ್ತಿರಲಿಲ್ಲ, ಅಂಗಡಿಯವರಿಗೆ ಆ ತಿಂಗಳುಗಳಲ್ಲಿ ಮಾರಲು ಏನಾದರೂ ಬೇಕಿತ್ತು. ಮೂರು ಚಕ್ರದ್ದು ಸುಲಭವಾಗಿ ಮಗುಚುತ್ತಿತ್ತು, ಬಹಳ ಜನಕ್ಕೆ ಪೆಟ್ಟಾಯಿತು. 1988ರಲ್ಲಿ ಕಂಪನಿಗಳು ಸರ್ಕಾರದೊಡನೆ ಒಪ್ಪಂದಕ್ಕೆ ಬಂದು ಅಮೆರಿಕದಲ್ಲಿ ಅದರ ಮಾರಾಟ ನಿಲ್ಲಿಸಿದವು. ಅಷ್ಟರಲ್ಲಿ ನಾಲ್ಕು ಚಕ್ರದ್ದು ಬಂದಿತ್ತು. ಅದರ ಮುಂದೆ ಕಬ್ಬಿಣದ ಹಲಗೆ ಕಟ್ಟಿದರೆ ಹಿಮ ತಳ್ಳುವ ಯಂತ್ರ ಸಿದ್ಧ.

ಹಲಗೆ ಎಂದೆ. ಅದರ ಅಗಲದ ಬಗ್ಗೆ ಒಂದು ಮಾತು. ಹಲಗೆಯನ್ನು ನೇರವಾಗಿ ಹಿಡಿದು ತಳ್ಳಿದರೆ ಹಿಮ ಮುಂದೆ ಮುಂದೆ ಹೋಗಿ ರಾಶಿಯಾಗುತ್ತದೆ. ಓರೆಯಾಗಿ ಹಿಡಿದರೆ ಪಕ್ಕಕ್ಕೆ ಹೊರಳುತ್ತದೆ. ಉದ್ದ ದಾರಿಯಲ್ಲಿ ಓರೆಯೇ ಬೇಕು. ಆದರೆ ಓರೆಯಾದಾಗ ಹಲಗೆಯ ಅಗಲ ಕಡಿಮೆಯಾಗುತ್ತದೆ. 4 ಅಡಿಯ ಹಲಗೆ 30 ಡಿಗ್ರಿ ಓರೆಯಾದರೆ ಮೂರೂವರೆ ಅಡಿ ಜಾಗವನ್ನಷ್ಟೇ ತೆಗೆಯುತ್ತದೆ. ಗಾಡಿಯ ಅಗಲವೇ ಸುಮಾರು 4 ಅಡಿ. ಅಂದರೆ ತೆಗೆಯದ ಹಿಮದ ಮೇಲೆ ನಿಮ್ಮ ಚಕ್ರವೇ ಹತ್ತುತ್ತದೆ. ಹಾಗಾಗಿ 5 ಅಡಿಯ ಹಲಗೆ ಕೊಳ್ಳುವುದು ಲೇಸು. ಅಂಗಡಿಯಲ್ಲಿ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಕೇಳಿ ತಿಳಿದುಕೊಳ್ಳಬೇಕು.

ಊರು, ಹೊರೆ, ಗಾಡಿ, ಹಲಗೆ ಆಯಿತು. ಇನ್ನು ಮುಖ್ಯ ವಿಷಯಕ್ಕೆ ಬರೋಣ. ನೆಲ ಕಾಣುವಂತೆ ತೆಗೆಯಬಾರದು ಎಂದೆನಲ್ಲ, ಏಕೆ?

ಡಾಂಬರು ರಸ್ತೆಯಲ್ಲಿ ಹಲಗೆಯ ಅಂಚು ನೆಲಕ್ಕೆ ತಾಗಿದರೂ ಸರಿ, ಜಾರಿಕೊಂಡು ಹೋಗುತ್ತದೆ. ಜಲ್ಲಿಯಲ್ಲಿ ಹಾಗಾಗುವುದಿಲ್ಲ. ಅಂಚು ಜಲ್ಲಿಯೊಳಕ್ಕೆ ಕಚ್ಚುತ್ತದೆ. ಹಿಮದ ಜೊತೆ ಕಲ್ಲೂ ಎದ್ದು ಬರುತ್ತದೆ. ಆ ಕಲ್ಲೆಲ್ಲ ಅಂಗಳದ ಹುಲ್ಲಿನ ಮೇಲೆ ಹೋಗಿ ಬೀಳುತ್ತದೆ. ಏಪ್ರಿಲಿನಲ್ಲಿ ಹಿಮ ಕರಗಿದಾಗ ದಾರಿಯಲ್ಲಿ ಬರೀ ಮಣ್ಣು, ಹುಲ್ಲಿನಲ್ಲಿ ಬರೀ ಜಲ್ಲಿ. ಕಾಸು ಕೊಟ್ಟು ಹಾಕಿಸಿದ ಜಲ್ಲಿಯನ್ನು ಮತ್ತೆ ಬಾಚಿ ದಾರಿಗೆ ತರಬೇಕು. ಕೆಲವು ಕಲ್ಲು ಹುಲ್ಲಿನಲ್ಲೇ ಉಳಿದು ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡಿಗೆ ಸಿಕ್ಕಿ ಸಿಡಿಯುತ್ತವೆ. ಅದು ಅಪಾಯ.

ಹಾಗಾದರೆ ಏನು ಮಾಡಬೇಕು? ಮೊದಲ ಹಿಮಕ್ಕೆ ಹಲಗೆ ಇಳಿಸಬಾರದು. ನವೆಂಬರಿನಲ್ಲಿ ಮೊದಲ ಹಿಮ ಬಿದ್ದಾಗ ನೆಲ ಇನ್ನೂ ಮೆತ್ತಗಿರುತ್ತದೆ, ಪೂರ್ತಿ ಹೆಪ್ಪುಗಟ್ಟಿರುವುದಿಲ್ಲ. ಆಗ ಹಲಗೆ ಇಳಿಸಿದರೆ ದಾರಿ ಉತ್ತ ಹಾಗೆ ಆಗುತ್ತದೆ. ಅದರ ಬದಲು ಆ ಮೊದಲ ಹಿಮದ ಮೇಲೆ ಗಾಡಿ ಓಡಿಸಿ, ಓಡಿಸಿ ಅದುಮಬೇಕು. ಕಾರನ್ನೂ ಓಡಿಸಬೇಕು, ಚಕ್ರದ ಜಾಡು ಒಂದೇ ಕಡೆ ಬೀಳದಂತೆ ಅಗಲಕ್ಕೂ ಸರಿಸರಿಸಿ ಓಡಿಸಬೇಕು. ರಾತ್ರಿಯ ಚಳಿಗೆ ಅದು ಗಟ್ಟಿಯಾಗುತ್ತದೆ. ಮತ್ತೊಂದಿಷ್ಟು ಬಿದ್ದರೆ ಅದನ್ನೂ ಅದುಮಬೇಕು. ಎರಡು ಮೂರು ಬೆರಳು ದಪ್ಪದ ಗಟ್ಟಿ ಪದರ ಆಯಿತೆಂದರೆ ಜಲ್ಲಿಗೆ ಮುಚ್ಚಳ ಹಾಕಿದಂತಾಯಿತು.

ನಮ್ಮ ಹಳ್ಳಿಗಳಲ್ಲಿ ಸುಗ್ಗಿಗೆ ಮೊದಲು ಕಣ ಮಾಡುತ್ತಿದ್ದುದು ಹಿರಿಯರಿಗೆ ನೆನಪಿರುತ್ತದೆ. ನೆಲ ಕೆರೆದು, ನೀರು ಚಿಮುಕಿಸಿ, ದನ ತುಳಿಸಿ, ಸಗಣಿ ಬಗ್ಗಡ ಸಾರಿಸಿ ಗಟ್ಟಿ ಮಾಡುತ್ತಿದ್ದರು. ರಾಗಿ ಬಾಚುವಾಗ ಮಣ್ಣು ಬೆರೆಯಬಾರದು ಎಂದು. ಕೀವಿನಾದವರು ಹಿಮದಿಂದಲೇ ಅಂಥದೊಂದು ಕಣ ಮಾಡುತ್ತಾರೆ. ಮುಂದಿನ ನಾಲ್ಕೈದು ತಿಂಗಳು ಬೀಳುವ ಹಿಮವನ್ನೆಲ್ಲ ಅದರ ಮೇಲಿಂದ ತಳ್ಳುತ್ತಾರೆ. ಜಲ್ಲಿ ಕೆಳಗೆ ಅಲುಗದೆ ಮಲಗಿರುತ್ತದೆ.

ಕೆಲವೊಮ್ಮೆ ಹವಾಮಾನ ಅಷ್ಟು ಅನುಕೂಲವಾಗಿರುವುದಿಲ್ಲ. ಮೊದಲ ಹಿಮವೇ ಒಂದು ಅಡಿ ಬೀಳಬಹುದು, ತಳ್ಳದೆ ಗತಿಯಿಲ್ಲ. ಆಗ ಹಲಗೆಯನ್ನು ನೆಲದಿಂದ ಎತ್ತಿ ಹಿಡಿಯಬೇಕು. ಹಲಗೆಯ ಕೆಳಗೆ ಎರಡು ಕಡೆ ತಟ್ಟೆಯಾಕಾರದ ಕಬ್ಬಿಣದ ಪಾದಗಳಿರುತ್ತವೆ. ಅವನ್ನು ಕೆಳಕ್ಕೆ ಇಳಿಸಿದಷ್ಟೂ ಹಲಗೆಯ ಅಂಚು ನೆಲದಿಂದ ಮೇಲಿರುತ್ತದೆ. ಜಲ್ಲಿಗೆ ಒಂದು ಅಂಗುಲ ಎತ್ತಿದರೆ ಒಳ್ಳೆಯದು. ಆದರೆ ಮೆತ್ತಗಿನ ನೆಲದಲ್ಲಿ ಆ ಪಾದಗಳೂ ಹೂತುಹೋಗುತ್ತವೆ. ಅದಕ್ಕೆ ಅಲ್ಲಿನವರು ಇನ್ನೊಂದು ಉಪಾಯ ಮಾಡಿಕೊಂಡಿದ್ದಾರೆ. ಒಂದು ಪೈಪನ್ನು ಉದ್ದಕ್ಕೂ ಸೀಳಿ, ಆ ಸೀಳನ್ನು ಹಲಗೆಯ ಅಂಚಿಗೆ ತೊಡಿಸಿ ಬೋಲ್ಟು ಹಾಕುತ್ತಾರೆ. ಹರಿತವಾದ ಅಂಚು ಉರುಟಾಗುತ್ತದೆ. ಜಲ್ಲಿಯನ್ನು ಕಚ್ಚದೆ ಮೇಲೆಯೇ ತೇಲಿದಂತೆ ಹೋಗುತ್ತದೆ. ಪ್ಲಾಸ್ಟಿಕ್ ಪೈಪು ಕಡುಚಳಿಯಲ್ಲಿ ಸಿಗಿದುಹೋಗಬಹುದು, ಕಬ್ಬಿಣದ ಪೈಪು ಬಾಳುತ್ತದೆ. ಯಾವ ಕಾರ್ಖಾನೆಯ ಭಾಗವೂ ಇಷ್ಟು ಚೆನ್ನಾಗಿ, ಇಷ್ಟು ಅಗ್ಗದಲ್ಲಿ ಈ ಕೆಲಸ ಮಾಡಲಾರದು ಎಂಬುದು ನನ್ನ ಅಭಿಪ್ರಾಯ.

ಇಲ್ಲಿಯವರೆಗೆ ಹೇಳಿದ್ದು ನೆಲದ ಮೇಲೆ ಬಿಡಬೇಕಾದ ಹಿಮದ ಬಗ್ಗೆ. ಈಗ ಪಕ್ಕದಲ್ಲಿ ಬಿಡಬೇಕಾದ ಜಾಗದ ಬಗ್ಗೆ.

ಡಿಸೆಂಬರಿನಲ್ಲಿ ದಾರಿಯ ಅಂಚಿಗೇ ತಂದು ಬಿಟ್ಟ ಹಿಮ ಜನವರಿಗೆ ಕಲ್ಲಾಗಿರುತ್ತದೆ. ಎಟಿವಿಗೆ ಅದನ್ನು ಅಲುಗಿಸಲು ಆಗುವುದಿಲ್ಲ. ಅದರ ಮೇಲೆ ಮತ್ತೆ ಮತ್ತೆ ತಳ್ಳಿದಂತೆ ಗೋಡೆ ಒಳಕ್ಕೆ ಬರುತ್ತದೆ. 12 ಅಡಿ ಇದ್ದ ದಾರಿ 10 ಆಗುತ್ತದೆ, 8 ಆಗುತ್ತದೆ. ಫೆಬ್ರವರಿಯಲ್ಲಿ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಆಂಬುಲೆನ್ಸು ಒಳಗೆ ಬರಲಾಗದು. ಬೆಂಕಿ ಬಿದ್ದರೆ ಅಗ್ನಿಶಾಮಕದ ಲಾರಿ ರಸ್ತೆಯಲ್ಲೇ ನಿಲ್ಲಬೇಕು. ಮನೆ ಬೆಚ್ಚಗಿಡುವ ಪ್ರೊಪೇನ್ ತುಂಬಿಸುವ ಟ್ಯಾಂಕರು ತಿರುಗಿ ಹೋಗುತ್ತದೆ. ಹಾಗಾಗಿ ಗಟ್ಟಿ ಪದರ ಆದ ಮೇಲೆ ಬೀಳುವ ಮೊದಮೊದಲ ಹಿಮವನ್ನು ದಾರಿಯ ಅಂಚಿನಿಂದಾಚೆ ಹಲವು ಅಡಿ ದೂರಕ್ಕೆ ತಳ್ಳಬೇಕು. ಮಾರ್ಚಿನ ಹಿಮಕ್ಕೆ ಡಿಸೆಂಬರಿನಲ್ಲೇ ಜಾಗ ಬಿಟ್ಟಿರಬೇಕು.

ಯಾವ ಕಡೆಗೆ ತಳ್ಳಬೇಕು? ಗಾಳಿ ಹೋಗುವ ಕಡೆಗೆ. ಅಲ್ಲಿ ಗಾಳಿ ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ. ವಾಯವ್ಯದ ಕಡೆ ರಾಶಿ ಹಾಕಿದರೆ ರಾಶಿ ದಾಟಿದ ಗಾಳಿ ನಿಧಾನವಾಗಿ, ಹೊತ್ತು ತಂದ ಹಿಮವನ್ನು ದಾರಿಯ ಮೇಲೇ ಇಳಿಸುತ್ತದೆ. ಆಗ್ನೇಯದ ಕಡೆ ಹಾಕಿದರೆ ಆ ತೊಂದರೆಯಿಲ್ಲ.

ಮುಟ್ಟದೆ ಬಿಡಬೇಕಾದ ಜಾಗಗಳೂ ಇವೆ. ಮನೆಯ ಗೋಡೆಯಲ್ಲಿ ಹೊಗೆ ಹೋಗುವ ಕೊಳವೆಯ ಬಾಯಿರುತ್ತದೆ. ಅದರ ಹತ್ತಿರ ಹಿಮ ತಳ್ಳಲೇಬಾರದು. ಅದು ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಮನೆಯೊಳಕ್ಕೆ ನುಗ್ಗುತ್ತದೆ. ಅದಕ್ಕೆ ವಾಸನೆಯಿಲ್ಲ, ಮಲಗಿದವರಿಗೆ ಗೊತ್ತಾಗುವುದಿಲ್ಲ. ಅದೇ ಕಾರಣಕ್ಕೆ ಗಾಡಿಯನ್ನೂ ಮುಚ್ಚಿದ ಗ್ಯಾರೇಜಿನಲ್ಲಿ ಸ್ಟಾರ್ಟ್ ಮಾಡಿ ಬಿಸಿಯಾಗಲೆಂದು ಬಿಡಬಾರದು. ಇನ್ನೊಂದು ವಿಷಯ ನನಗೆ ಅಲ್ಲಿಗೆ ಹೋಗುವ ತನಕ ತಿಳಿದಿರಲಿಲ್ಲ. ಹಿಮ ನೆಲಕ್ಕೆ ಹೊದಿಕೆ. ಹಿಮ ತೆಗೆದ ಕಡೆ ಚಳಿ ಭೂಮಿಯೊಳಕ್ಕೆ ಹೆಚ್ಚು ಆಳ ಇಳಿಯುತ್ತದೆ. ಅಲ್ಲಿ ಮಣ್ಣಿನಡಿ ನೀರಿನ ಪೈಪು ಹಾದುಹೋಗಿದ್ದರೆ ಹೆಪ್ಪುಗಟ್ಟುವ ಭಯವಿದೆ. ಸೆಪ್ಟಿಕ್ ಟ್ಯಾಂಕು ಮತ್ತು ಅದರ ನೀರು ಇಂಗುವ ಜಾಗದ ಮೇಲೂ ಹಾಗೆಯೇ. ಅಲ್ಲಿನ ಹಿಮವನ್ನು ತೆಗೆಯಲೂ ಬಾರದು, ತುಳಿಯಲೂ ಬಾರದು. ಇದಕ್ಕೆಲ್ಲ ಮೊದಲೇ ಗುರುತು ಬೇಕು. ನೆಲ ಗಟ್ಟಿಯಾಗುವ ಮೊದಲೇ, ಅಕ್ಟೋಬರಿನಲ್ಲಿಯೇ, ದಾರಿಯ ಎರಡು ಕಡೆಯೂ ಎತ್ತರದ ಗೂಟ ನೆಟ್ಟಿರಬೇಕು. ಹಿಮ ಬಿದ್ದ ಮೇಲೆ ದಾರಿ ಯಾವುದು, ಹೂವಿನ ಪಾತಿ ಯಾವುದು ಗೊತ್ತಾಗುವುದಿಲ್ಲ.

ನೆಲದ ಪದರ ಆಯಿತು, ಪಕ್ಕದ ಜಾಗ ಆಯಿತು. ಇನ್ನು ಓಡಿಸುವ ಬಗೆ.

ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವಂತೆ ಹಾಕಿ. ಲೋ ಗೇರಿನಲ್ಲಿ ಇರಿ. ಈ ಗಾಡಿಗಳಲ್ಲಿ ಬಹುಪಾಲು ಬೆಲ್ಟಿನಿಂದ ಓಡುವಂಥವು. ಹೈ ಗೇರಿನಲ್ಲಿ ಭಾರ ತಳ್ಳಿದರೆ ಬೆಲ್ಟು ಜಾರಿ ಸುಡುತ್ತದೆ. ನಡೆಯುವವನಿಗಿಂತ ಸ್ವಲ್ಪ ಹೆಚ್ಚು ವೇಗ ಸಾಕು. ಎಟಿವಿ ಹಗುರವಾದ ಗಾಡಿ, ಒಂದೂವರೆ ಅಡಿ ಹಿಮ ಬೀಳಲಿ ಎಂದು ಕಾದರೆ ಅದರ ಕೈಯಲ್ಲಾಗುವುದಿಲ್ಲ. ನಾಲ್ಕೈದು ಅಂಗುಲಕ್ಕೊಮ್ಮೆ ತಳ್ಳಬೇಕು. ಬಿರುಸಾಗಿ ಬೀಳುವ ದಿನ ಬೆಳಿಗ್ಗೆ, ಸಂಜೆ ಎರಡು ಬಾರಿ. ಚಕ್ರ ಜಾರಿದರೆ ಚೈನು ಕಟ್ಟಿ, ಹಿಂದೆ ಮರಳಿನ ಚೀಲ ಇಡಿ. ಹಿಂದಕ್ಕೆ ಬರುವಾಗ ಹಲಗೆ ಎತ್ತಿ. ಎತ್ತುವುದಕ್ಕೆ ವಿಂಚ್, ಅಂದರೆ ಹಗ್ಗ ಸುತ್ತುವ ಮೋಟಾರು ರಾಟೆ ಇರುತ್ತದೆ. ಅದರ ಉಕ್ಕಿನ ಹಗ್ಗ ಅದೇ ಗೇಣುದ್ದದಲ್ಲಿ ನೂರಾರು ಸಲ ಸುತ್ತಿ ಬಿಚ್ಚಿ ಎಳೆ ಎಳೆಯಾಗಿ ತುಂಡಾಗುತ್ತದೆ. ನೈಲಾನಿನಂಥ ಹಗ್ಗ ಅಥವಾ ಪಟ್ಟಿ ಹಾಕಿಕೊಂಡರೆ ಹೆಚ್ಚು ಕಾಲ ಬರುತ್ತದೆ.

ಹಿಮದಡಿ ಹುದುಗಿದ ಬಂಡೆಗೋ ಬೇರಿಗೋ ಹಲಗೆ ಡಿಕ್ಕಿ ಹೊಡೆದರೆ, ಹಿಂದಿನ ಸ್ಪ್ರಿಂಗು ಹಿಗ್ಗಿ ಹಲಗೆ ಮಡಚಿಕೊಂಡು ಮೇಲೆ ಹತ್ತುತ್ತದೆ. ನಿಧಾನ ಇದ್ದರೆ ಅಷ್ಟಕ್ಕೇ ಮುಗಿಯಿತು. ವೇಗವಾಗಿದ್ದರೆ ಗಾಡಿ ನಿಂತು ನೀವು ಹ್ಯಾಂಡಲಿನ ಮೇಲೆ ಹೋಗಿ ಬೀಳುತ್ತೀರಿ. ಸ್ವಂತ ಅಂಗಳವಾದರೂ ಹೆಲ್ಮೆಟ್ ಹಾಕಿಕೊಳ್ಳಿ. ಮಕ್ಕಳನ್ನು ಹಿಂದೆ ಕೂರಿಸಿಕೊಳ್ಳಬೇಡಿ. ಅವರು ಹಟ ಮಾಡುತ್ತಾರೆ, ಆದರೂ ಬೇಡ.

ಗಟ್ಟಿ ಪದರ ಕನ್ನಡಿಯಂತಾಗಿ ಜಾರತೊಡಗಿದರೆ ಮರಳು ಎರಚಿ. ಉಪ್ಪು ಬೇಡ. ಸೊನ್ನೆಗಿಂತ 9–10 ಡಿಗ್ರಿ ಕೆಳಗೆ ಹೋದ ಮೇಲೆ ಸಾಮಾನ್ಯ ಉಪ್ಪು ಹೆಚ್ಚು ಕೆಲಸ ಮಾಡುವುದಿಲ್ಲ. ಅದಕ್ಕಿಂತ ಬೆಚ್ಚಗಿದ್ದಾಗ, ಕಷ್ಟಪಟ್ಟು ಮಾಡಿದ ಪದರವನ್ನೇ ಕರಗಿಸಿ ಕೆಸರು ಮಾಡುತ್ತದೆ.

ಕೊನೆಗೆ ವಸಂತ. ಪದರ ತಾನಾಗಿ ಕರಗಲಿ ಎಂದು ಬಿಟ್ಟರೆ ಮಾರ್ಚ್ ಕೊನೆಗೆ ಅದು ಪಾಯಸವಾಗಿ, ಕಾರಿನ ಚಕ್ರ ಹೂತು ಆಳದ ಜಾಡು ಬೀಳುತ್ತದೆ. ರಾತ್ರಿ ಅದು ಮತ್ತೆ ಗಟ್ಟಿಯಾಗುತ್ತದೆ. ಮೇಲೆ ಬಿಸಿಲು ಬಿದ್ದು ಪದರ ಸಡಿಲವಾದ, ಕೆಳಗೆ ನೆಲ ಇನ್ನೂ ಗಟ್ಟಿಯಿರುವ ಒಂದು ಮಧ್ಯಾಹ್ನ ನೋಡಿ ಅದನ್ನು ಎಬ್ಬಿಸಿ ತಳ್ಳಬೇಕು. ಆ ಮಧ್ಯಾಹ್ನ ಯಾವುದು ಎಂದು ಹೇಳಬಲ್ಲವರು ನೆರೆಮನೆಯ ಹಿರಿಯರು. ಅವರನ್ನು ಕೇಳಿ. ಆ ಸೀಮೆಯ ಜನ ಕೇಳಿದರೆ ಸಂತೋಷವಾಗಿ ಹೇಳುತ್ತಾರೆ, ಬಂದು ಮಾಡಿಯೂ ಕೊಡುತ್ತಾರೆ.

ಒಂದು ಸಂಗತಿ ಉಳಿದಿದೆ. ನಾನು ಈ ಭಾಷಣ ಒಪ್ಪಿಕೊಂಡದ್ದೇ ಅದಕ್ಕಾಗಿ.

ನೀವು ದಾರಿಯನ್ನೆಲ್ಲ ತಳ್ಳಿ ಮುಗಿಸಿದ ಮೇಲೆ ಸರ್ಕಾರದ ಲಾರಿ ರಸ್ತೆಯಲ್ಲಿ ಹಾದುಹೋಗುತ್ತದೆ. ಅದು ಪಕ್ಕಕ್ಕೆ ಹೊರಳಿಸಿದ ಹಿಮ ನಿಮ್ಮ ದಾರಿಯ ಬಾಯಿಗೆ ಬಂದು ಮೊಣಕಾಲೆತ್ತರದ ಅಡ್ಡಗೋಡೆಯಾಗುತ್ತದೆ. ಅದು ಹಗುರವಾದ ಹಿಮವಲ್ಲ. ರಸ್ತೆಯ ಗಟ್ಟಿ, ಒದ್ದೆ, ಮರಳು ಬೆರೆತ ಹಿಮ. ಒಂದು ರಾತ್ರಿ ಬಿಟ್ಟರೆ ಕಲ್ಲು. ಅದನ್ನು ಗಾಡಿಯಿಂದ ಗುದ್ದಬಾರದು, ಅಂಚಿನಿಂದ ಸ್ವಲ್ಪ ಸ್ವಲ್ಪವೇ ಕೊರೆದು ತೆಗೆಯಬೇಕು. ರಸ್ತೆಗೆ ತಳ್ಳಿ ಬಿಡುವಂತಿಲ್ಲ, ಮಿಶಿಗನ್ನಿನ ಕಾನೂನು ಅದನ್ನು ನಿಷೇಧಿಸಿದೆ.

ಮಗನ ಮನೆಗೆ, ಮಗಳ ಮನೆಗೆ ಆರು ತಿಂಗಳು ಇರಲು ಹೋಗುವ ಅಪ್ಪಂದಿರು ಈ ಗೋಡೆಯನ್ನು ಕಿಟಕಿಯಿಂದ ನೋಡುತ್ತಾರೆ. ಮಕ್ಕಳು ಕೆಲಸಕ್ಕೆ ಹೋಗಿರುತ್ತಾರೆ. ಸಂಜೆ ಬಂದಾಗ ಅವರಿಗೆ ತೊಂದರೆಯಾಗಬಾರದೆಂದು ಸಲಿಕೆ ಹಿಡಿದು ಹೊರಡುತ್ತಾರೆ. ದಯವಿಟ್ಟು ಹೋಗಬೇಡಿ. ಚಳಿಗೆ ರಕ್ತನಾಳಗಳು ಬಿಗಿಯುತ್ತವೆ, ರಕ್ತದೊತ್ತಡ ಏರುತ್ತದೆ. ಅದರ ಮೇಲೆ ಅಭ್ಯಾಸವಿಲ್ಲದ ಭಾರ ಎತ್ತಿದರೆ ಹೃದಯಕ್ಕೆ ತಡೆಯಲಾಗದು. ಹಿಮ ಎತ್ತುತ್ತಲೇ ಹೃದಯಾಘಾತವಾಗುವುದು ಆ ದೇಶಗಳ ವೈದ್ಯರಿಗೆ ಪ್ರತಿ ಚಳಿಗಾಲವೂ ಕಾಣುವ ಸಂಗತಿ. ರಕ್ತದೊತ್ತಡಕ್ಕೋ ಸಕ್ಕರೆ ಕಾಯಿಲೆಗೋ ಮಾತ್ರೆ ತೆಗೆದುಕೊಳ್ಳುವವರು ಆ ಸಲಿಕೆಯನ್ನು ಮುಟ್ಟಲೇಬೇಡಿ. ಅಲ್ಲಿರುವ ಮಕ್ಕಳೂ ಮೊಬೈಲಿನಲ್ಲಿ ಈ ಪ್ರಸಾರ ಕೇಳುತ್ತಿದ್ದರೆ ಒಂದು ಕೆಲಸ ಮಾಡಿ. ಬೆಳಿಗ್ಗೆ ಹೊರಡುವ ಮುಂಚೆ ಸಲಿಕೆಯನ್ನು ಗ್ಯಾರೇಜಿನೊಳಗಿಟ್ಟು ಬೀಗ ಹಾಕಿ, ಕೀಲಿಯನ್ನು ನಿಮ್ಮ ಜೇಬಿನಲ್ಲಿಟ್ಟುಕೊಂಡು ಹೋಗಿ.